ಚೀಲಕ್ಕೆ ತಾರೀಕು ತಾನಾಗಿ ಬೀಳಬೇಕು, ಹೇಗೆ?

ಪ್ರಶ್ನೆ: ನಾನು ತೀರ್ಥಹಳ್ಳಿಯವನು. ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಒರಾಕಲ್ ಡೇಟಾಬೇಸ್‌ನಲ್ಲಿ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದೇನೆ. 'ಚೀಲ' ಅಂತ ಒಂದು ಆಬ್ಜೆಕ್ಟ್ ಟೈಪ್ (ಒಂದು ವಸ್ತುವಿನ ವಿವರಗಳ ಅಚ್ಚು) ಇದೆ. ಬಗೆ, ತೂಕ, ತಾರೀಕು, ಸ್ಥಿತಿ ಅದರ ಆಟ್ರಿಬ್ಯೂಟ್‌ಗಳು, ಅಂದರೆ ವಿವರಗಳು. ಬಗೆ, ತೂಕ ಕೊಟ್ಟರೆ ತಾರೀಕು, ಸ್ಥಿತಿ ತಾವೇ ತುಂಬಿಕೊಳ್ಳಲಿ ಅಂತ ಕನ್‌ಸ್ಟ್ರಕ್ಟರ್ (ಹೊಸ ಆಬ್ಜೆಕ್ಟ್ ಹುಟ್ಟಿಸುವ ಫಂಕ್ಷನ್) ಬರೆದೆ. ಆದರೂ ಓಆರ್‌ಎ-06530 ಎರರ್ ಬರುತ್ತಿದೆ. ಏನು ತಪ್ಪಾಗಿದೆ?

ಉತ್ತರ: ಆ ಎರರ್ ನೋಡಿದರೆ, ನಿಮ್ಮ ಕನ್‌ಸ್ಟ್ರಕ್ಟರನ್ನು ಯಾರೂ ಕರೆದೇ ಇಲ್ಲ. ಒರಾಕಲ್‌ನ ಪ್ರೋಗ್ರಾಂ ಭಾಷೆ ಪಿಎಲ್/ಎಸ್‌ಕ್ಯೂಎಲ್‌ನಲ್ಲಿ ಸುಮ್ನೆ ವೇರಿಯಬಲ್ ಡಿಕ್ಲೇರ್ ಮಾಡಿದರೆ ಆಬ್ಜೆಕ್ಟ್ ಹುಟ್ಟುವುದಿಲ್ಲ. ಆ ವೇರಿಯಬಲ್ ಇಡಿಯಾಗಿ ನಲ್, ಅಂದರೆ ಖಾಲಿ, ಆಗಿರುತ್ತದೆ. ಹೇಗೆಂದರೆ, ಪುಸ್ತಕದಲ್ಲಿ ಚೀಲದ ನಂಬರ್ ಬರೆದಾಗಿದೆ, ಚೀಲ ಇನ್ನೂ ಗಾಡಿಯಿಂದ ಇಳಿದಿಲ್ಲ. ಇಳಿಯದ ಚೀಲಕ್ಕೆ ತೂಕ ಬರೆಯಲು ಹೋದರೆ 06530 ಬರುತ್ತದೆ. ಡಿಕ್ಲೇರ್ ಮಾಡುವ ಸಾಲಿನಲ್ಲೇ := ಹಾಕಿ ಚೀಲ('ರಾಶಿ', 65) ಅಂತ ಕರೆಯಿರಿ. ಆಗ ನಿಮ್ಮ ಕೋಡ್ ಓಡುತ್ತದೆ.

ಸ್ವಂತ ಕನ್‌ಸ್ಟ್ರಕ್ಟರ್ ಬರೆಯುವ ಸೌಲಭ್ಯ ಒರಾಕಲ್ 9ಐ ಎರಡನೇ ರಿಲೀಸ್‌ನಿಂದ ಇದೆ. ಅದರ ತಲೆಬರಹ 'ರಿಟರ್ನ್ ಸೆಲ್ಫ್ ಆ್ಯಸ್ ರಿಸಲ್ಟ್' ಅಂತ ಮುಗಿಯಬೇಕು. ಒಳಗಡೆ ಕೊನೆಗೆ ಬರೀ 'ರಿಟರ್ನ್' ಸಾಕು, ಅದರ ಮುಂದೆ ಏನೂ ಬರೆಯಬಾರದು.

ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. ನೀವು ಕನ್‌ಸ್ಟ್ರಕ್ಟರ್ ಬರೆದ ಮೇಲೂ ಒರಾಕಲ್ ತಾನೇ ಕೊಡುವ ಕನ್‌ಸ್ಟ್ರಕ್ಟರ್ ಹಾಗೇ ಇರುತ್ತದೆ. ಅದು ನಾಲ್ಕೂ ಆಟ್ರಿಬ್ಯೂಟ್ ಕೇಳುತ್ತದೆ, ಕೊಟ್ಟಿದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುತ್ತದೆ. ನಾಳೆ ಯಾರೋ ಚೀಲ('ಬೆಟ್ಟೆ', 65, ನಲ್, ನಲ್) ಅಂತ ಬರೆದರೆ ತಾರೀಕಿಲ್ಲದ ಚೀಲ ಒಳಗೆ ಬಂದುಬಿಡುತ್ತದೆ. ರೈತನಿಗೆ ದುಡ್ಡು ಕೊಡುವ ದಿನ ಆ ತಾರೀಕನ್ನೇ ಅಲ್ವಾ ಹುಡುಕುವುದು?

ಈ ಹಿತ್ತಲ ಬಾಗಿಲು ಮುಚ್ಚಲು ಇನ್ನೊಂದು ಕನ್‌ಸ್ಟ್ರಕ್ಟರ್ ಬರೆಯಿರಿ. ಅದರ ಪ್ಯಾರಾಮೀಟರ್‌ಗಳ (ಕರೆಯುವಾಗ ಕೊಡುವ ಬೆಲೆಗಳ) ಹೆಸರು, ಟೈಪ್, ಅನುಕ್ರಮ ಎಲ್ಲವೂ ಆಟ್ರಿಬ್ಯೂಟ್‌ಗಳ ಥರವೇ ಇರಬೇಕು. ಒಂದು ಹೆಸರು ಬೇರೆಯಾದರೂ ಬಾಗಿಲು ತೆರೆದೇ ಇರುತ್ತದೆ. ಒಳಗೆ ಸೆಲ್ಫ್.ತಾರೀಕು := ಎನ್‌ವಿಎಲ್(ತಾರೀಕು, ಸಿಸ್‌ಡೇಟ್) ಅಂತ ಹಾಕಿ, ಅಂದರೆ ತಾರೀಕು ನಲ್ ಆಗಿದ್ದರೆ ಇವತ್ತಿನದು ಬೀಳುತ್ತದೆ; ಸ್ಥಿತಿಗೂ ಹಾಗೇ ಮಾಡಿ. ಎಡಗಡೆಯ 'ಸೆಲ್ಫ್' ಮರೆಯಬೇಡಿ. ಅದಿಲ್ಲದಿದ್ದರೆ ಆ ಹೆಸರು ಪ್ಯಾರಾಮೀಟರ್‌ನದ್ದು ಅಂತಾಗುತ್ತದೆ, ಕೋಡ್ ಕಂಪೈಲ್ ಆಗುವುದಿಲ್ಲ.

ಮುಂದೆ ತೇವಾಂಶ ಅಂತ ಐದನೇ ಆಟ್ರಿಬ್ಯೂಟ್ ಸೇರಿಸಿದಿರಿ ಅಂತಿಟ್ಟುಕೊಳ್ಳಿ. ಒರಾಕಲ್‌ನ ಕನ್‌ಸ್ಟ್ರಕ್ಟರ್ ಆಗ ಐದು ಕೇಳುತ್ತದೆ, ನಿಮ್ಮದು ನಾಲ್ಕರಲ್ಲೇ ಉಳಿಯುತ್ತದೆ. ಬಾಗಿಲು ಸದ್ದಿಲ್ಲದೆ ಮತ್ತೆ ತೆರೆದುಕೊಳ್ಳುತ್ತದೆ. ಟೈಪ್ ಬದಲಿಸಿದ ದಿನವೇ ಕನ್‌ಸ್ಟ್ರಕ್ಟರನ್ನೂ ಬದಲಿಸಿ. 'ಚೀಲ'ದಿಂದ ಸಬ್‌ಟೈಪ್ (ಅದರ ಕೆಳಗಿನ ಇನ್ನೊಂದು ಟೈಪ್) ಮಾಡಿದರೂ ಅದಕ್ಕೆ ಬೇರೆಯದೇ ಬರೆಯಬೇಕು, ಕನ್‌ಸ್ಟ್ರಕ್ಟರ್ ವಾರಸಾಗಿ ಬರುವುದಿಲ್ಲ.

ಟೇಬಲ್‌ನಲ್ಲಿ ಉಳಿಸಿದ ಚೀಲವನ್ನು ಮತ್ತೆ ಓದುವಾಗ ಕನ್‌ಸ್ಟ್ರಕ್ಟರ್ ಓಡುವುದಿಲ್ಲ. ಅದು ಒಳ್ಳೆಯದೇ. ಓಡಿದ್ದರೆ ಕಾರ್ತಿಕದಲ್ಲಿ ಬಂದ ಚೀಲಕ್ಕೆ ಇವತ್ತಿನ ತಾರೀಕು ಬೀಳುತ್ತಿತ್ತು. ಆದರೆ ಆಬ್ಜೆಕ್ಟ್ ಟೇಬಲ್‌ಗೆ (ಪ್ರತಿ ಸಾಲೂ ಒಂದು ಚೀಲವಾಗಿರುವ ಟೇಬಲ್‌ಗೆ) ಯಾರಾದರೂ ಚೀಲ(...) ಅಂತ ಕರೆಯದೆ ಒಂದೊಂದು ಕಾಲಂಗೂ ಬೆಲೆ ಕೊಟ್ಟು ನೇರ ಇನ್ಸರ್ಟ್ ಮಾಡಿದರೂ ಅದು ಓಡುವುದಿಲ್ಲ. ಅಲ್ಲಿಗೆ ಬಿಫೋರ್ ಇನ್ಸರ್ಟ್ ಟ್ರಿಗರ್ (ಸಾಲು ಸೇರುವ ಮೊದಲು ತಾನಾಗಿ ಓಡುವ ಕೋಡ್) ಒಂದನ್ನು ಇಡಿ. ತಾರೀಕು ಖಾಲಿ ಇದ್ದರೆ ಮಾತ್ರ ಅದು ತುಂಬಲಿ.