ಸೀನಿಯರ್ ಪಾಸಾದ ಹುಡುಗಿ, ಪೆಟ್ಟಿಗೇಲೇ ಉಳಿದ ಪಿಟೀಲು

ನನ್ನ ಹತ್ರ ಸಲಹೆಗೆ ಬಂದಿದ್ದ ಒಬ್ರ ಕಥೆ ಇದು. ಹೆಸರು, ಊರು ಎಲ್ಲಾ ಬದಲಾಯಿಸಿದೀನಿ, ಬರೆಯೋಕೆ ಅವ್ರ ಒಪ್ಪಿಗೆನೂ ತಗೊಂಡಿದೀನಿ. ಸಿಂಧು ಅಂತ ಇಟ್ಕೊಳ್ಳೋಣ. 26 ವರ್ಷ, ಹಾಸನದ ಕಡೆಯವ್ರು, ಬೆಂಗಳೂರಲ್ಲಿ ಐಟಿ ಕೆಲಸ, ಪಿಜಿಲಿ ವಾಸ. "ಮೇಡಂ, ಆಫೀಸ್ ಬಿಟ್ರೆ ನಂಗೆ ಬೇರೇನೂ ಇಲ್ಲ ಅನ್ಸುತ್ತೆ, ಮೊದ್ಲು ಪಿಟೀಲು ನುಡಿಸ್ತಿದ್ದೆ, ಈಗ ಪೆಟ್ಟಿಗೆ ತೆಗಿಯೋಕೇ ಭಯ" ಅಂದ್ರು.

ಮೊದ್ಲು ನಿದ್ದೆ, ಊಟ, ಮನಸ್ಸು ಹೇಗಿದೆ ಅಂತ ವಿಚಾರಿಸ್ದೆ. ಎರಡು ವಾರ ಮೀರಿ ಯಾವುದ್ರಲ್ಲೂ ಖುಷಿನೇ ಸಿಗ್ತಿಲ್ಲ ಅಂದ್ರೆ ಅದು ಹವ್ಯಾಸದ ಪ್ರಶ್ನೆ ಅಲ್ಲ, ಡಾಕ್ಟ್ರನ್ನ ನೋಡ್ಬೇಕು ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ಬೇಕು, ಕನ್ನಡದಲ್ಲೇ ಮಾತಾಡ್ಬಹುದು. ಇವ್ರಿಗೆ ಆ ಥರ ಏನೂ ಇರ್ಲಿಲ್ಲ.

ಟೈಮ್ ಇಲ್ಲ ಅಂತಿದ್ರು, ಆದ್ರೆ ರಾತ್ರಿ ರೀಲ್ಸ್ ನೋಡೋಕೆ ಟೈಮ್ ಇತ್ತು (ನಂಗೂ ಇರುತ್ತೆ ಬಿಡಿ). ಕೆದಕಿದಾಗ ಗೊತ್ತಾಯ್ತು, ಹೈಸ್ಕೂಲಲ್ಲೇ ಸಂಗೀತದ ಸೀನಿಯರ್ ಪರೀಕ್ಷೆ ಪಾಸಾಗಿ, ವರ್ಣ ಅನ್ನೋ ಕಷ್ಟದ ರಚನೇನ ಎರಡು ಕಾಲದಲ್ಲಿ, ಅಂದ್ರೆ ಎರಡು ವೇಗದಲ್ಲಿ, ಸಲೀಸಾಗಿ ನುಡಿಸ್ತಿದ್ದ ಹುಡುಗಿ, ಪಿಯುಸಿ ಸಿಇಟಿ ಅಂತ ನಿಲ್ಸಿದ್ದು ನಿಂತೇ ಹೋಯ್ತು, ಹೋದ್ವರ್ಷ ಒಂದಿನ ತೆಗೆದು ಅದೇ ವರ್ಣ ಶುರು ಮಾಡಿ, ಬರೀ ಅಪಸ್ವರ ಬಂದು, ಅತ್ತು ಮುಚ್ಚಿಟ್ಟಿದಾರೆ. ಪಿಟೀಲಿನ ಆಕಾರದಲ್ಲೇ ಕಟ್ಟಿರೋ ಚೌಡಯ್ಯ ಸ್ಮಾರಕ ಭವನದ ಮುಂದೆ ಕ್ಯಾಬ್ ಹೋದ್ರೆ ಮುಖ ಆ ಕಡೆ ತಿರುಗಿಸ್ತಾರಂತೆ. ಅಡ್ಡ ಬಂದಿದ್ದು ಟೈಮ್ ಅಲ್ಲ, ಹದಿನಾರರ ಸಿಂಧು ಪರೀಕ್ಷಕಿ ಥರ ಎದುರಿಗೆ ಕೂತಿದಾಳೆ.

ನಾನು ಕೇಳಿದ್ದಿಷ್ಟೇ: ಪರೀಕ್ಷೆ, ಬಹುಮಾನ ಬಿಟ್ಟು ಆಗ ನಿಜವಾಗ್ಲೂ ಯಾವುದು ಇಷ್ಟ ಆಗ್ತಿತ್ತು? ಸುಮಾರು ಹೊತ್ತು ಯೋಚ್ನೆ ಮಾಡಿ, "ಶನಿವಾರ ಬೀದಿ ಕೊನೆ ದೇವಸ್ಥಾನದಲ್ಲಿ ಭಜನೆ, ಅಜ್ಜಿಯಂದ್ರು ಹಾಡೋರು, ಅವ್ರು ಶ್ರುತಿ ಬಿಟ್ಟು ಎಲ್ಲಿಗ್ ಹೋದ್ರೂ ನಾನು ಹಿಂದೇನೇ ಹೋಗ್ತಿದ್ದೆ" ಅಂತ ನಕ್ರು. ಬಂದಾಗಿಂದ ಅದೇ ಮೊದ್ಲು ನಕ್ಕಿದ್ದು.

ಹಾಗಾಗಿ ಹೇಳ್ದೆ, ಸದ್ಯಕ್ಕೆ ವರ್ಣ ಬೇಡ, ಕ್ಲಾಸ್‌ಗೂ ಸೇರ್ಬೇಡಿ, ವಿಡಿಯೋ ಮಾಡಿ ಹಾಕೋದಂತೂ ಬೇಡ್ವೇ ಬೇಡ. ಮೊದ್ಲು ರಿಪೇರಿ ಅಂಗಡಿಗೆ ಕೊಡಿ, ವರ್ಷಗಟ್ಲೆ ಮುಚ್ಚಿಟ್ಟ ಪಿಟೀಲಿನ ತಂತಿ ತುಕ್ಕು ಹಿಡಿದಿರುತ್ತೆ, ಕಮಾನಿನ ಕೂದಲು ಹುಳ ತಿಂದಿರುತ್ತೆ, ತಂತಿ ಎತ್ತಿ ಹಿಡಿಯೋ ಕುದುರೆ (ಬ್ರಿಡ್ಜ್) ಬಿದ್ದಿದ್ರೆ ಒಳಗಿನ ಆಧಾರದ ಕಡ್ಡಿನೂ ಜಾರಿರಬಹುದು, ಅದ್ರಲ್ಲೇ ನುಡಿಸಿ ನಂದೇ ತಪ್ಪು ಅನ್ಕೊಂಡ್ರೆ ಹೇಗೆ? ಆಮೇಲೆ ಮೊಬೈಲಲ್ಲಿ ಶ್ರುತಿ ಹಾಕಿ, ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದ್ರೆ ಮೊಟ್ಟಮೊದಲ ಪಾಠ, ಹದಿನೈದು ನಿಮಿಷ ಸಾಕು, ಬೆರಳ ತುದಿ ಮತ್ತೆ ಗಟ್ಟಿಯಾಗೋವರೆಗೂ ಉರಿಯುತ್ತೆ. ಜೊತೆಗೆ ಹತ್ರದಲ್ಲಿ ಭಜನೆ ಎಲ್ಲಿ ನಡಿಯುತ್ತೆ ಹುಡುಕಿ, ಮೊದ್ಲು ಬರಿಗೈಲೇ ಹೋಗಿ ಕೂತ್ಕೊಳ್ಳಿ.

ಈಗ ಗುರುವಾರದ ಒಂದು ಭಜನಾ ಗುಂಪಲ್ಲಿ ನುಡಿಸ್ತಿದಾರೆ. ಕೆಲವು ವಾರ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಅಂತ ತಪ್ಪುತ್ತೆ, ಮೊದಲಿನ ಥರ ಅದಕ್ಕೆ ಬೈಕೊಳ್ಳಲ್ಲ. ಅಮ್ಮ ಮಾತ್ರ ಫೋನ್ ಮಾಡ್ದಾಗೆಲ್ಲ "ಹಂಗಾದ್ರೆ ವಿದ್ವತ್ ಯಾವಾಗ ಕಟ್ತೀಯ" (ಸೀನಿಯರ್ ಆದ್ಮೇಲಿನ ಪರೀಕ್ಷೆ ಅದು) ಅಂತಾರಂತೆ, ಮುಂದಿನ ಸಲ ಅವ್ರನ್ನೂ ಕರ್ಕೊಂಡ್ ಬನ್ನಿ ಅಂದಿದೀನಿ.