ನಾಯಿಗೆ ಪದೇ ಪದೇ ಲೂಸ್ ಮೋಷನ್, ಮೇಲಿಂದ ಗುದದ ಗ್ಲ್ಯಾಂಡ್ ತೊಂದರೆ, ಕಮ್ಮಿ ಖರ್ಚಲ್ಲಿ ಹೇಗ್ ನಿಭಾಯಿಸೋದು?

ನಾಲ್ಕ್ ವರ್ಷದ ಲ್ಯಾಬ್ರಡಾರ್ ಕ್ರಾಸ್, ಹೆಚ್ಚೂಕಮ್ಮಿ ಪ್ರತಿ ತಿಂಗಳು ಹೊಟ್ಟೆ ಕೆಡುತ್ತೆ, ಅದರ ಬೆನ್ನಿಗೇ ಹಿಂಭಾಗ ನೆಲಕ್ಕೆ ಉಜ್ಜೋದು, ಕೊಳೆತ ಮೀನಿನ ವಾಸನೆ, ಡಾಕ್ಟರ್ ಹತ್ರ ಹೋಗಿ ಗ್ಲ್ಯಾಂಡ್ ಹಿಂಡಿಸಿ ಇಂಜೆಕ್ಷನ್ ಹಾಕ್ಸಿದ್ರೆ ಸ್ವಲ್ಪ ದಿನ ಸರಿ, ಆಮೇಲೆ ಮತ್ತೆ ಅದೇ ಕಥೆ, ದುಡ್ಡು ನೀರಿನ ಹಾಗೆ ಹೋಗ್ತಿದೆ ಅಂತ ಕೇಳಿದ್ದೀರ. ನಮ್ಮನೆ ಕರಿಯನದ್ದೂ ಇದೇ ಪಜೀತಿ ಇತ್ತು, ಅವನು ಅಪ್ಪಟ ಬೀದಿ ತಳಿ, ಈಗ ಯಾವಾಗಾದ್ರೂ ಒಮ್ಮೆ ಬಿಟ್ರೆ ಆ ಸುದ್ದಿನೇ ಇಲ್ಲ. ನಾನು ಡಾಕ್ಟರಲ್ಲ, ನಾಯಿ ಸಾಕಿ, ಡಾಕ್ಟ್ರುಗಳಿಗೆ ತಲೆ ತಿಂದು ತಿಳ್ಕೊಂಡಿರೋದನ್ನ ಹೇಳ್ತೀನಿ ಅಷ್ಟೇ.

ಮೊದಲ್ನೇದಾಗಿ ಗ್ಲ್ಯಾಂಡ್ ಮೇಲೆ ದುಡ್ಡು ಹಾಕೋದು ನಿಲ್ಲಿಸಿ, ಹೊಟ್ಟೆ ಮೇಲೆ ಹಾಕಿ. ಯಾಕಂದ್ರೆ ಆ ಗ್ಲ್ಯಾಂಡ್ ಅನ್ನೋದು ಗುದದ್ವಾರದ ಎರಡೂ ಪಕ್ಕ, ಗಡಿಯಾರದಲ್ಲಿ 4 ಗಂಟೆ 8 ಗಂಟೆ ಇರೋ ಜಾಗದಲ್ಲಿ, ಇರೋ ಎರಡು ಸಣ್ಣ ಚೀಲ. ಮೋಷನ್ ಗಟ್ಟಿಯಾಗಿ ಬಂದಾಗ ಅದರ ಒತ್ತಡಕ್ಕೆ ಚೀಲ ತಾನೇ ಖಾಲಿಯಾಗುತ್ತೆ, ಯಾರೂ ಹಿಂಡಬೇಕಾಗಿಲ್ಲ. ದಿನಾ ಪೇಸ್ಟ್ ಥರ ಬರ್ತಿದ್ರೆ ಒತ್ತಡ ಬೀಳಲ್ಲ, ಒಳಗಿನ ದ್ರವ ಮಂದ ಆಗಿ ಕಟ್ಕೊಳ್ಳುತ್ತೆ, ಆಮೇಲೆ ಸೋಂಕು, ಕೀವು. ಅಂದ್ರೆ ನೀವು ಪ್ರತಿ ಸಲ ದುಡ್ಡು ಕೊಟ್ಟು ಮಾಡಿಸ್ತಿರೋದು ಕೊನೇ ಹಂತದ ಕ್ಲೀನಿಂಗ್, ಮೂಲ ಹಾಗೇ ಇದೆ. ಗ್ರೂಮಿಂಗ್‌ಗೆ ಬಿಟ್ಟಾಗ ಸುಮ್ನೆ ಪ್ಯಾಕೇಜಲ್ಲಿ ಸೇರ್ಸಿ ಹಿಂಡ್ತಾರಲ್ಲ, ತೊಂದರೆ ಇಲ್ಲದಿದ್ದಾಗ ಅದನ್ನ ಬೇಡ ಅನ್ನಿ, ಸುಮ್ಸುಮ್ನೆ ಹಿಂಡಿದ್ರೆ ಅಲ್ಲಿ ಊತ ಬರಬಹುದು.

ಇನ್ನೊಂದ್ ವಿಷ್ಯ, ಉಜ್ಜೋದೆಲ್ಲ ಗ್ಲ್ಯಾಂಡೇ ಆಗಿರ್ಬೇಕು ಅಂತಿಲ್ಲ. ಬಾಲದ ಕೆಳಗೆ ಅಥವಾ ಮಲಗೋ ಜಾಗದಲ್ಲಿ ಅಕ್ಕಿಕಾಳಿನ ಥರ ಬೆಳ್ಳಗೆ ಏನಾದ್ರೂ ಕಂಡ್ರೆ ಅದು ಲಾಡಿಹುಳದ ತುಂಡು, ಚಿಗಟದಿಂದ ಬರೋದು. ಮಾತ್ರೆ ಕೊಟ್ಟು ಚಿಗಟ ಬಿಟ್ರೆ ಮತ್ತೆ ಬರುತ್ತೆ, ಎರಡನ್ನೂ ಒಟ್ಟಿಗೆ ನೋಡ್ಕೋಬೇಕು.

ದುಡ್ಡು ಖರ್ಚು ಮಾಡೋದೇ ಆದ್ರೆ ಮೊದಲು ಮೋಷನ್ ಟೆಸ್ಟಿಗೆ ಮಾಡಿ. ಒಂದು ದಿನದ್ದಲ್ಲ, ಎರಡು ಮೂರು ದಿನದ್ದು ಸ್ವಲ್ಪ ಸ್ವಲ್ಪ ತಗೊಂಡ್ ಹೋಗಿ, ಯಾಕಂದ್ರೆ ಜಿಯಾರ್ಡಿಯಾ ಅಂತ ಒಂದು ಪರಾವಲಂಬಿ ಇದೆ, ಅದು ದಿನಾ ಕಾಣ್ಸಿಕೊಳ್ಳಲ್ಲ, ಒಂದ್ ಸಲ ಇಲ್ಲ ಅಂತ ಬಂದ ತಕ್ಷಣ ಇಲ್ಲ ಅಂತ ತೀರ್ಮಾನ ಮಾಡೋಕಾಗಲ್ಲ. ಮೂರ್ ತಿಂಗಳಿಗೊಮ್ಮೆ ಕೊಡೋ ಒಂದ್ ಡೋಸ್ ಜಂತುಮಾತ್ರೆಗೆ ಅದು ಬಗ್ಗೋದೂ ಇಲ್ಲ, ಫೆನ್‌ಬೆಂಡಜೋಲ್ ಥರದ ಔಷಧಿನ ತೂಕ ನೋಡಿ ಕೆಲವು ದಿನ ಸತತ ಕೊಡ್ಬೇಕು, ಡೋಸ್ ಡಾಕ್ಟ್ರೇ ಹೇಳ್ಲಿ. ಕೋರ್ಸ್ ಮುಗಿಯೋ ದಿನ ಸ್ನಾನ ಮಾಡ್ಸಿ, ಹಿಂಭಾಗ ಚೆನ್ನಾಗಿ ತೊಳೀರಿ, ಮೈಗೆ ಅಂಟಿರೋದನ್ನ ತಾನೇ ನೆಕ್ಕಿ ಮತ್ತೆ ಹತ್ತಿಸ್ಕೊಳ್ಳುತ್ತೆ. ಪ್ರತಿ ಲೂಸ್ ಮೋಷನ್ನಿಗೂ ಮೆಟ್ರೋನಿಡಜೋಲ್ ಅನ್ನೋ ಆಂಟಿಬಯಾಟಿಕ್ ಕೊಡೋ ಅಭ್ಯಾಸ ನಂಗಂತೂ ಇಷ್ಟ ಇಲ್ಲ. ಮಾಮೂಲಿ ಭೇದಿ ಎಷ್ಟೋ ಸಲ ತಾನಾಗೇ ನಿಲ್ಲುತ್ತೆ, ಆ ಮಾತ್ರೆ ಕರುಳಿನ ಒಳ್ಳೇ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ.

ಟೆಸ್ಟ್ ಕ್ಲಿಯರ್ ಬಂತು ಅಂದ್ರೆ ಉಳಿಯೋದು ಊಟ, ನನ್ ಪ್ರಕಾರ ಇಲ್ಲೇ ಇರೋದು ಮುಕ್ಕಾಲು ಪಾಲು ವಿಷ್ಯ. ನಾಯಿಗಳಿಗೆ ಸಾಮಾನ್ಯವಾಗಿ ಅಲರ್ಜಿ ಆಗೋ ಪಟ್ಟಿಯಲ್ಲಿ ದನದ ಮಾಂಸ, ಹಾಲಿನ ಪದಾರ್ಥ, ಚಿಕನ್, ಗೋಧಿ ಬರುತ್ತೆ, ಈಗ ನಮ್ಮನೆಗಳಲ್ಲಿ ಏನ್ ಹಾಕ್ತೀವಿ ನೋಡಿ, ಚಿಕನ್ ಅನ್ನ, ಬೆಳಿಗ್ಗೆ ಹಾಲಿಗೆ ಬಿಸ್ಕೆಟ್, ಉಳಿದ ಚಪಾತಿ, ಅಂಗಡಿಯಿಂದ ತಂದ ಡಾಗ್ ಫುಡ್ ಪ್ಯಾಕೆಟ್ಟಲ್ಲೂ ಹೆಸರು ಏನೇ ಇರ್ಲಿ ಹಿಂದುಗಡೆ ಓದಿದ್ರೆ ಚಿಕನ್ ಮೀಲ್. ಪಟ್ಟಿ ಪೂರ್ತಿ ಕವರ್ ಆಯ್ತು! ಇದನ್ನ ಕಂಡ್ಹಿಡಿಯೋಕೆ ರಕ್ತದ ಅಲರ್ಜಿ ಟೆಸ್ಟ್ ಅಂತ ಸಾವಿರಗಟ್ಲೆ ಕೇಳ್ತಾರೆ, ಆಹಾರದ ವಿಷ್ಯಕ್ಕೆ ಅದನ್ನ ನಂಬೋಕಾಗಲ್ಲ, ಮಾಡಿಸ್ಬೇಡಿ. ಅದರ ಬದ್ಲು ಒಂದು ಧಾನ್ಯ ಮತ್ತೆ ನಾಯಿ ಇದುವರೆಗೂ ತಿನ್ನದಿರೋ ಒಂದು ಪ್ರೋಟೀನ್, ಅಷ್ಟೇ ಹಾಕಿ ನೋಡಿ. ನಾವು ಭೂತಾಯಿ ಮೀನು ಮತ್ತೆ ಅನ್ನ ಮಾಡಿದ್ವಿ, ಚಿಕನ್ನಿಗಿಂತ ತೀರಾ ದುಬಾರಿನೂ ಆಗ್ಲಿಲ್ಲ, ಕುಕ್ಕರಲ್ಲಿ ಚೆನ್ನಾಗಿ ಕೂಗ್ಸಿದ್ರೆ ಮುಳ್ಳು ಮೆತ್ತಗಾಗುತ್ತೆ, ಆದ್ರೂ ಕೈಯಲ್ಲಿ ಹಿಸುಕಿ ನೋಡಿನೇ ಹಾಕಿ. ಮನೇಲಿ ಮೀನು ಬೇಯ್ಸೋ ಹಾಗಿಲ್ಲ ಅಂದ್ರೆ ಸೋಯಾ, ಅದೇ ಮೀಲ್ ಮೇಕರ್, ಸ್ವಲ್ಪ ದಿನದ ಮಟ್ಟಿಗೆ ನಡಿಯುತ್ತೆ. ಅಕ್ಕಿ ಬದ್ಲು ರಾಗಿನೂ ಆಗುತ್ತೆ, ಆದ್ರೆ ದಿನಾ ಬದಲಾಯಿಸ್ಬೇಡಿ. ಈರುಳ್ಳಿ ಬೆಳ್ಳುಳ್ಳಿ ಬಿದ್ದಿರೋ ಸಾರು ಹಾಕ್ಬೇಡಿ, ಅದು ನಾಯಿಗೆ ವಿಷನೇ.

ಬರೀ ಹೊಟ್ಟೆ ತೊಂದರೆ ಆದ್ರೆ ಎರಡು ಮೂರು ವಾರದಲ್ಲೇ ವ್ಯತ್ಯಾಸ ಕಾಣುತ್ತೆ, ಮೈ ಕೆರೆತ, ಕಿವಿ ಸೋಂಕು, ಪಾದ ನೆಕ್ಕೋದೂ ಇದ್ರೆ 8 ವಾರ ತಡೀಬೇಕು. ಕಷ್ಟ ಇರೋದು ಅಡುಗೆಯಲ್ಲಲ್ಲ, ಮನೆಯವ್ರಲ್ಲಿ. ಅಜ್ಜಿ ಕದ್ದು ಒಂದು ಬಿಸ್ಕೆಟ್ ಹಾಕಿದ್ರೂ ಪರೀಕ್ಷೆ ಕೆಟ್ಟೋಯ್ತು, ಪಕ್ಕದ್ಮನೆಯವ್ರಿಗೂ ಹೇಳಿಡಿ. ಸರಿಹೋಯ್ತು ಅಂದ್ಮೇಲೆ ಬೇಕಂತಲೇ ಚಿಕನ್ ಒಂದನ್ನೇ ಕೊಟ್ಟು ನೋಡಿ, ಮತ್ತೆ ಕೆಟ್ರೆ ಕಳ್ಳ ಸಿಕ್ಕಿದ ಹಾಗೆ. ಆದ್ರೆ ಮೀನು ಅನ್ನನೇ ವರ್ಷಗಟ್ಲೆ ಹಾಕ್ಬೇಡಿ, ಕ್ಯಾಲ್ಸಿಯಂ ಎಲ್ಲ ಕಮ್ಮಿ ಬೀಳುತ್ತೆ, ಏನ್ ಸೇರಿಸ್ಬೇಕು ಅಂತ ಡಾಕ್ಟ್ರನ್ನ ಕೇಳಿ ಅಥವಾ ಒಗ್ಗದ ಪದಾರ್ಥ ಇಲ್ಲದ ಪ್ಯಾಕೆಟ್ ಫುಡ್ ಹುಡುಕಿ.

ಇದರ ಜೊತೆ ನಾರು. ಸಿಹಿಕುಂಬಳ ಬೇಯ್ಸಿ ಹಿಸುಕಿ, ಉಪ್ಪು ಒಗ್ಗರಣೆ ಏನೂ ಬೇಡ, ಒಂದೆರಡು ಚಮಚ ಊಟಕ್ಕೆ ಕಲಸಿ, ಇಲ್ಲಾಂದ್ರೆ ಇಸಬ್‌ಗೋಲ್, ಸಕ್ಕರೆ ಫ್ಲೇವರ್ ಇಲ್ಲದ ಸಾದಾದ್ದು, ನಿಮ್ ಲ್ಯಾಬಿಗೆ ಒಂದು ಚಮಚದಿಂದ ಶುರು ಮಾಡಿ, ನೀರು ಜಾಸ್ತಿ ಹಾಕಿ ನೆನೆಸಿನೇ ಕೊಡ್ಬೇಕು. ಜಾಸ್ತಿ ಹಾಕಿದ್ರೆ ಉಲ್ಟಾ ಹೊಡೆಯುತ್ತೆ, ನಿಧಾನ. ಮತ್ತೆ ಲ್ಯಾಬ್ ಅಂದ್ರೆ ದಪ್ಪ ಇರೋ ಚಾನ್ಸ್ ಜಾಸ್ತಿ, ಕೈ ಆಡ್ಸಿದ್ರೆ ಪಕ್ಕೆಲುಬು ಸಿಗದಷ್ಟು ದಪ್ಪ ಇದ್ರೆ ಗ್ಲ್ಯಾಂಡ್ ಸರಿಯಾಗಿ ಖಾಲಿ ಆಗಲ್ಲ, ಊಟ ಕಮ್ಮಿ ಮಾಡೋದಕ್ಕೆ ಖರ್ಚೇ ಇಲ್ಲ.

ಉಜ್ಜೋದು ಶುರುವಾದ ದಿನ ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಹತ್ತು ನಿಮಿಷ ಒತ್ತಿ ಹಿಡೀರಿ, ದಿನಕ್ಕೆ ಎರಡ್ ಮೂರ್ ಸಲ. ಹಿಂಡೋದನ್ನ ವಿಡಿಯೋ ನೋಡಿ ಕಲೀಬೇಡಿ, ಡಾಕ್ಟ್ರ ಕೈಯಲ್ಲಿ ಒಂದ್ಸಲ ತೋರಿಸ್ಕೊಳ್ಳಿ, ಬಹಳ ಜನ ಖುಷಿಯಿಂದ ಹೇಳ್ಕೊಡ್ತಾರೆ. ಕೆಂಪಗೆ ಊದಿದ್ರೆ, ಕೀವು ರಕ್ತ ಬಂದ್ರೆ ಮುಟ್ಟಲೇಬೇಡಿ, ಅವತ್ತೇ ಕರ್ಕೊಂಡ್ ಹೋಗಿ. ವಯಸ್ಸಾದ ನಾಯಿಗೆ ಒಂದೇ ಕಡೆ ಗಟ್ಟಿ ಗಂಟು, ಜೊತೆಗೆ ವಿಪರೀತ ನೀರು ಕುಡಿಯೋದು ಇದ್ರೆ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಕರೀ ಮೋಷನ್, ಊಟ ಬಿಟ್ಟು ವಾಂತಿ, ಇವಕ್ಕೂ ಕಾಯ್ಬೇಡಿ. ನಮ್ಮ ನೋವಿನ ಮಾತ್ರೆ ಯಾವ್ದೂ ಬೇಡ, ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೂರೂ ಅಪಾಯ.

ಖರ್ಚಿನ ವಿಷ್ಯಕ್ಕೆ ಬಂದ್ರೆ ತಾಲ್ಲೂಕು ಪಶು ಆಸ್ಪತ್ರೆಗೆ ನಾಯಿ ಕರ್ಕೊಂಡ್ ಹೋಗೋಕೆ ಯಾಕೋ ಜನ ಹಿಂಜರೀತಾರೆ, ಬರೀ ಹಸು ಎಮ್ಮೆಗೆ ಅನ್ಕೊಂಡು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜಿವೆ, ಹತ್ರ ಇದ್ರೆ ಅಲ್ಲಿಗೆ ಹೋಗಿ, ಕಾಯ್ಬೇಕಾಗುತ್ತೆ, ಆದ್ರೆ ಟೆಸ್ಟ್ ಎಲ್ಲ ಖಾಸಗಿಗಿಂತ ಎಷ್ಟೋ ಕಮ್ಮಿ. ಹೋಗೋವಾಗ ಯಾವತ್ತು ಏನ್ ತಿಂತು, ಮೋಷನ್ ಹೇಗಿತ್ತು ಅಂತ ಬರೆದಿಟ್ಟಿರೋದನ್ನ ಫೋಟೋ ಸಮೇತ ತೋರ್ಸಿ, ಅರ್ಧ ಟೆಸ್ಟಿನ ಖರ್ಚು ಉಳಿಯುತ್ತೆ.

ಇಷ್ಟೆಲ್ಲ ಮಾಡಿನೂ ತೂಕ ಇಳೀತಾ ಇದ್ರೆ ಮಾತ್ರ ಪ್ಯಾಂಕ್ರಿಯಾಸ್, ಅಂದ್ರೆ ಮೇದೋಜೀರಕ ಗ್ರಂಥಿ, ಮತ್ತೆ ವಿಟಮಿನ್ ಬಿ12 ರಕ್ತ ಪರೀಕ್ಷೆ ಕೇಳಿ, ಬಿ12 ಕಮ್ಮಿ ಇದ್ರೆ ಆ ಇಂಜೆಕ್ಷನ್ ಅಗ್ಗನೇ. ಗ್ಲ್ಯಾಂಡ್ ತೆಗೆಸೋ ಆಪರೇಷನ್ ಕೊನೇಗಿರ್ಲಿ, ಪಕ್ಕದಲ್ಲೇ ನರಗಳಿರೋದ್ರಿಂದ ಏಟು ಬಿದ್ರೆ ಆಮೇಲೆ ಮೋಷನ್ ಹಿಡ್ಕೊಳ್ಳೋಕೇ ಆಗ್ದೇ ಹೋಗಬಹುದು, ಊಟ ಬದಲಾಯಿಸಿ ನೋಡೋಕೂ ಮುಂಚೆ ಯಾರಾದ್ರೂ ಆಪರೇಷನ್ ಅಂದ್ರೆ ಇನ್ನೊಬ್ಬ ಡಾಕ್ಟ್ರನ್ನ ಕೇಳಿ.