ಬಳ್ಳಾರಿಯಿಂದ ಗಂಡಿಕೋಟೆ: ಒಂದೇ ದಿನದಲ್ಲಿ ಬೇಡ

ಜನವರಿಯಲ್ಲಿ ಅಪ್ಪ-ಅಮ್ಮನ್ನ ಕರಕೊಂಡು ಆಂಧ್ರದ ಕಡಪ ಜಿಲ್ಲೆಯಲ್ಲಿ ಪೆನ್ನಾ ನದಿ ಕಮರಿಯ ಅಂಚಿಗಿರೋ ಗಂಡಿಕೋಟೆಗೆ ಹೋಗಬೇಕು, ಬಳ್ಳಾರಿಯಿಂದ ಬೆಳಿಗ್ಗೆ ಹೊರಟು ರಾತ್ರಿಗೆ ವಾಪಸ್ ಬರೋಕಾಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಆದರೂ ಬೇಡ ಅಂತೀನಿ, ಆ ತಪ್ಪು ನಾನೇ ಒಂದ್ಸಲ ಮಾಡಿದ್ದೀನಿ.

ಗುಂತಕಲ್ಲು, ಗುತ್ತಿ, ತಾಡಪತ್ರಿ, ಜಮ್ಮಲಮಡುಗು ಮೇಲಿಂದ ಹೆಚ್ಚೂಕಡಿಮೆ 200 ಕಿ.ಮೀ. ಆರಕ್ಕೆ ಹೊರಟು, ಗುತ್ತಿಯಲ್ಲಿ ಇಡ್ಲಿ ತಿಂದು, ಕೋಟೆ ಬಾಗಿಲು ಮುಟ್ಟೋ ಹೊತ್ತಿಗೆ ಹನ್ನೊಂದೂವರೆ. ಬಿಸಿಲು ನೆತ್ತಿ ಮೇಲೆ. ನೆರಳಿಲ್ಲದಾಗ ಕಮರಿಯ ಆಳವೇ ಕಣ್ಣಿಗೆ ಸಿಗಲ್ಲ. ಕೆಂಪು ಬಂಡೆ, ಕೆಳಗೊಂದಿಷ್ಟು ಹಸಿರು ನೀರು. "ಇದಕ್ಕೇನಪ್ಪಾ ಇಷ್ಟು ದೂರ ಬಂದಿದ್ದು?" ಅಂದರು ನಮ್ಮ ಮಾವ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುವರ್ಷ ರಾತ್ರಿ ಉಳಿಯೋ ಲೆಕ್ಕದಲ್ಲೇ ಹೋದ್ವಿ. ಸಂಜೆ ಐದಕ್ಕೆ ಅದೇ ಬಂಡೆ ಮೇಲೆ ನಿಂತರೆ ಜಾಗವೇ ಬೇರೆ. ಒಂದು ಕಡೆ ಗೋಡೆಗೆ ಕತ್ತಲು ಕವಿದಿತ್ತು, ಎದುರಿನದು ಆಗಷ್ಟೇ ಭಟ್ಟಿಯಿಂದ ತೆಗೆದ ಇಟ್ಟಿಗೆ ಹಂಗೆ. ನಡುವೆ ಸುಮಾರು 300 ಅಡಿ ಕೆಳಗೆ ಪೆನ್ನಾ ನದಿ. ನಮ್ಮ ನಂದಿಬೆಟ್ಟದ ಕಡೆ ಹುಟ್ಟೋ ಉತ್ತರ ಪಿನಾಕಿನಿಯೇ ಅದು, ಇಲ್ಲಿಗೆ ಬಂದು ಎರ್ರಮಲ ಬೆಟ್ಟ ಕೊರೆದಿದೆ. ಸಂಡೂರಿನ ಭೀಮಗಂಡಿ, ಓಬಳಗಂಡಿ ನೋಡಿದವರಿಗೆ 'ಗಂಡಿ' ಅಂದ್ರೆ ಬೆಟ್ಟದ ನಡುವಿನ ಸೀಳು ಅಂತ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಕಾಲ ಸರಿಯಾಗೇ ಆರಿಸಿದ್ದೀರಿ. ಅಕ್ಟೋಬರ್-ನವೆಂಬರ್ ಆ ಕಡೆ ಹಿಂಗಾರು ಮಳೆ, ಡಿಸೆಂಬರ್ ಶುರುವಲ್ಲೂ ಒಮ್ಮೊಮ್ಮೆ ಚಂಡಮಾರುತದ ಕಾಟ. ಜನವರಿಗೆ ಆಕಾಶ ತಿಳಿಯಾಗಿರುತ್ತೆ. ಸೂರ್ಯ ಹುಟ್ಟೋದು ಆರೂಮುಕ್ಕಾಲರ ಆಜೂಬಾಜು, ಆರೂಕಾಲಿಗೇ ಬಂಡೆ ಮೇಲಿರಿ. ಚಳಿ ನಮ್ಮೂರಷ್ಟೇ, ಆದರೆ ಅಂಚಿನಲ್ಲಿ ಗಾಳಿ ಜೋರು. ಅಮ್ಮನಿಗೆ ಶಾಲು, ಅಪ್ಪನಿಗೆ ಮಂಕಿ ಕ್ಯಾಪ್ ಇರಲಿ.

ದೊಡ್ಡವರ ವಿಷಯ. ಕೋಟೆಯೊಳಗೆ ಮಾಧವರಾಯನ ಗುಡಿ, ಜಾಮಿಯಾ ಮಸೀದಿ, ಕಣಜ ಇವೆಲ್ಲ ನಿಧಾನಕ್ಕೆ ನಡೆದು ನೋಡಬಹುದು. ಪೆಮ್ಮಸಾನಿ ನಾಯಕರು ವಿಜಯನಗರದ ಅರಸರಿಗೆ ಸಾಮಂತರಾಗಿ ಆಳಿದ ಕೋಟೆ, ಹಂಪಿ ನೋಡಿದ ಕಣ್ಣಿಗೆ ಮಾಧವರಾಯನ ಗೋಪುರ ಪರಿಚಯದ್ದೇ ಅನ್ನಿಸುತ್ತೆ. ಕಷ್ಟ ಇರೋದು ಮಸೀದಿ ದಾಟಿದ ಮೇಲೆ. ಕಮರಿ ಕಾಣೋ ಜಾಗದಲ್ಲಿ ಬಂಡೆಯಿಂದ ಬಂಡೆಗೆ ಕಾಲಿಡಬೇಕು, ಅಂಚಿಗೆ ಕಟಕಟೆ ಇಲ್ಲ. ನಮ್ಮಮ್ಮನ ಮೊಣಕಾಲು ನೋವಿಗೆ ನಾನೂ ತಮ್ಮನೂ ಆ ಕಡೆ ಈ ಕಡೆ ಕೈ ಹಿಡಿದು, ಅಂಚಿಗೆ ಹತ್ತು ಹೆಜ್ಜೆ ಹಿಂದೆ ಒಂದು ಚಪ್ಪಟೆ ಬಂಡೆ ಮೇಲೆ ಕೂರಿಸಿದ್ವಿ. ಅಲ್ಲಿಂದಲೂ ಚೆನ್ನಾಗೇ ಕಂಡಿತು. ಚಪ್ಪಲಿ ಬೇಡ, ಶೂ ಹಾಕಿಸಿ. ಸೆಲ್ಫಿಗೆ ಅಂತ ಹಿಂದಕ್ಕೆ ಹೆಜ್ಜೆ ಹಾಕೋ ಮಕ್ಕಳಿದ್ದರೆ ಒಬ್ಬರು ಕಾವಲಿರಲೇಬೇಕು.

ಉಳಿಯೋಕೆ ಕೋಟೆಗೆ ಸ್ವಲ್ಪ ಮುಂಚೆಯೇ ಆಂಧ್ರ ಪ್ರವಾಸೋದ್ಯಮದ ಹರಿತಾ ಹೋಟೆಲ್ ಇದೆ. ಶನಿವಾರ-ಭಾನುವಾರ ಬೆಂಗಳೂರಿನವರು ತುಂಬಿರ್ತಾರೆ, ವಾರದ ನಡುವೆ ಹೋಗಿ. ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರೆ ಬೆಳಗಿನ ತಿಂಡಿ ಚಿಂತೆ ಇರಲ್ಲ.

ವಾಪಸ್ ಬರುವಾಗ ಬೇಲಂ ಗುಹೆ ನೋಡೋ ಆಸೆ ಇದ್ದರೆ ಸ್ವೆಟರ್ ಕಾರಲ್ಲೇ ಬಿಡಿ, ಚಳಿಗಾಲದಲ್ಲೂ ಒಳಗೆ ಬೆವರು ಸುರಿಯುತ್ತೆ. ಮೆಟ್ಟಿಲೂ ಇವೆ. ಅಪ್ಪ-ಅಮ್ಮ ಬೇಡ ಅಂದರೆ ಬಲವಂತ ಮಾಡಬೇಡಿ, ತಾಡಪತ್ರಿಯ ಚಿಂತಲ ವೆಂಕಟರಮಣನ ಗುಡಿಗೆ ಕರಕೊಂಡು ಹೋಗಿ.